ಅಂಚಿನ ಕೆಂಚುಹುಲ್ಲು

ಹುಲ್ಲಿನ ಮೇಲೆ ಡಾಕ್ಟರೇಟ್ ಮಾಡುತ್ತೇನೆಂದು ಅವಳು ಮನೆಯಲ್ಲಿ ಹೇಳಿದ ದಿನ ಅಣ್ಣ ತುತ್ತು ನೆತ್ತಿಗೇರುವಷ್ಟು ನಕ್ಕಿದ್ದ. ಎಮ್ಮೆಗಳಿಗೆ ಹುಟ್ಟುತ್ತಲೇ ಗೊತ್ತಿರುವುದನ್ನು ಕಲಿಯಲು ನಿನಗೆ ಅಷ್ಟೊಂದು ವರ್ಷ ಬೇಕೇ ಎಂದು ಕಿಚಾಯಿಸಿದ. ಅಪ್ಪ ಮಾತ್ರ ನಗದೆ, ಅದಕ್ಕೆ ಕೆಲಸ ಸಿಗುತ್ತದೇನಮ್ಮ ಎಂದು ಕೇಳಿದರು. ಸಿಕ್ಕಿತು. ಹುಲ್ಲುಗಾವಲು ಸಂಶೋಧನಾ ಕೇಂದ್ರಕ್ಕೆ ಸಹಾಯಕಿಯಾಗಿ ಸೇರಿದವಳು ಅಲ್ಲೇ ಪ್ರೊಫೆಸರ್ ಆದಳು, ಅಲ್ಲೇ ಕೂದಲೂ ನರೆಯಿತು. ವಿದ್ಯಾರ್ಥಿಗಳು ಬೆನ್ನ ಹಿಂದೆ ಹುಲ್ಲಕ್ಕ ಎನ್ನುತ್ತಿದ್ದರು. ಒಮ್ಮೊಮ್ಮೆ ಎದುರಿಗೇ ಬಾಯಿತಪ್ಪಿ ಬಂದುಬಿಡುತ್ತಿತ್ತು. ಅವಳಿಗೇನೂ ಬೇಸರವಿರಲಿಲ್ಲ.

ಅವಳಿಗೆ ಈ ಹುಚ್ಚು ಹಿಡಿಸಿದವರು ಕೇಂದ್ರದ ಹಿರಿಯ ಪ್ರೊಫೆಸರ್, ಅವಳ ಮೇಷ್ಟ್ರು. ಕೇಂದ್ರದ ಹಿಂದಿನ ಇಳಿಜಾರಿನಲ್ಲಿ ಅವರು ಪ್ರಾಯದಲ್ಲಿದ್ದಾಗಲೇ ಒಂದು ಚೌಕಕ್ಕೆ ಕಬ್ಬಿಣದ ಕಂಬ ನೆಟ್ಟು ತಂತಿ ಬೇಲಿ ಹಾಕಿಸಿದ್ದರು. ಸುತ್ತಲಿನ ನೆಲವನ್ನು ಕುರಿಗಳು ಮೇದು ಮೇದು ಬೋಳು ಮಾಡಿದ್ದವು. ಆ ಬಾಯಿಗಳನ್ನು ದೂರ ಇಟ್ಟರೆ ಸಾಕು, ಈ ನೆಲದ ಹಳೆಯ ಹುಲ್ಲು ತಾನಾಗಿ ಎದ್ದು ಬರುತ್ತದೆ ಎಂಬುದು ಅವರ ವಾದ. ಎಲ್ಲರೂ ನಕ್ಕರು. ಎರಡು ಮಳೆ ಕಳೆಯುವಷ್ಟರಲ್ಲಿ ಕೆಂಚುಹುಲ್ಲು ಬಂತು ನೋಡಿ! ತೆನೆ ಬಲಿತಾಗ ಇಡೀ ಚೌಕ ತಾಮ್ರದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ನಕ್ಕವರೆಲ್ಲ ಬಾಯಿ ಮುಚ್ಚಿಕೊಂಡರು. ದೂರದೂರದಿಂದ ಪಂಡಿತರು ಬಂದು ಮಂಡಿಯೂರಿ ನೋಡಿಕೊಂಡು ಹೋದರು.

ಮೇಷ್ಟ್ರು ಅವಳಿಗೆ ಕಲಿಸಿದ ಮೊದಲ ಪಾಠ ಅಂಚಿನದು. ಬೇಲಿಯೊಳಗೆ ಹುಲ್ಲು ಎಣಿಸುವಾಗ ತಂತಿಯಿಂದ ಒಂದು ಮಾರು ಬಿಟ್ಟೇ ಶುರು ಮಾಡಬೇಕು. ಅಂಚಿಗೆ ಹೊರಗಿನ ಬಾಯಿ, ಹೊರಗಿನ ಗಾಳಿ ಎರಡೂ ತಾಗಿರುತ್ತವೆ, ಅದು ಸುಳ್ಳು ಲೆಕ್ಕ ಕೊಡುತ್ತದೆ. ಈ ವಿದ್ಯೆ ಓದಿದವರೆಲ್ಲ ಹಾಗೇ ಮಾಡುವುದು. ಅವಳೂ ಮಾಡಿದಳು, ತನ್ನ ವಿದ್ಯಾರ್ಥಿಗಳ ಕೈಲೂ ಮಾಡಿಸಿದಳು. ಸಂಜೆಯಾದರೆ ಮೇಷ್ಟ್ರು ಬೇಲಿಯ ಸುತ್ತ ನಡೆಯುತ್ತ, ಬಿಗಿ ನೋಡಲು ಕೋಲಿನಿಂದ ತಂತಿಗೆ ತಟ್ಟುತ್ತಿದ್ದರು. ಟಣ್ ಎನ್ನುವ ಆ ಸದ್ದು ಕೇಳಿದರೆ ಕೇಂದ್ರದಲ್ಲಿ ಚೀಲ ಎತ್ತಿಕೊಂಡು ಮನೆಗೆ ಹೊರಡುವ ಹೊತ್ತು.

ಆಸ್ಪತ್ರೆಯ ಮಂಚದಲ್ಲಿ ಮೇಷ್ಟ್ರು ಅವಳ ಮಣಿಕಟ್ಟು ಹಿಡಿದರು. ಎಲುಬಿಗೆ ಚರ್ಮ ಅಂಟಿದ್ದ ಆ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ!

"ಬೇಲಿ ತೆಗೀಬೇಡ. ಯಾರು ಏನೇ ಹೇಳ್ಲಿ, ಒಂದು ಕುರಿ ಒಳಗೆ ಕಾಲಿಡಬಾರ್ದು. ಮಾತು ಕೊಡು."

ಅವಳು ಕೊಟ್ಟಳು. ಅವರ ಆಸೆಯಂತೆ ಬೂದಿಯನ್ನು ಚೌಕದ ನಟ್ಟನಡುವೆ ಚೆಲ್ಲಿದರು. ಅವರ ಕೋಣೆ, ಕುರ್ಚಿ, ಗೂಟದಲ್ಲಿ ನೇತಾಡುತ್ತಿದ್ದ ಬಿಸಿಲಿನ ಟೊಪ್ಪಿಗೆ ಎಲ್ಲ ಅವಳ ಪಾಲಿಗೆ ಬಂದವು. ಕುರ್ಚಿಯಲ್ಲಿ ಮಾತ್ರ ಅವಳು ಕೂರಲಿಲ್ಲ. ಪಕ್ಕಕ್ಕೆ ಒಂದು ಸ್ಟೂಲು ಹಾಕಿಕೊಂಡಳು.

ಆಮೇಲೆ ಹುಲ್ಲು ಸಾಯತೊಡಗಿತು.

ಒಮ್ಮೆಲೇ ಅಲ್ಲ. ಒಂದು ವರ್ಷ ತೆನೆ ತೆಳುವಾಯಿತು, ಮರುವರ್ಷ ನಡುವೆ ಬೋಳು ಬಿದ್ದಿತು. ಬುಡಗಳ ಮೇಲೆ ಹಳೆಯ ಒಣಹುಲ್ಲು ಕೊಳೆತ ಚಾಪೆಯಂತೆ ಹಾಸಿಕೊಂಡಿತ್ತು. ಅವಳು ಮಳೆಯನ್ನು ಬೈದಳು, ಬಿಸಿಲನ್ನು ಬೈದಳು, ಮಂಡಿ ಸವೆಯುವಷ್ಟು ಕಳೆ ಕಿತ್ತಳು, ಬೀಜ ಕಾದಿಟ್ಟು ಬಿತ್ತಿದಳು. ಏನು ಮಾಡಿದರೂ ಅಷ್ಟೇ. ಆ ಸೀಮೆಯಲ್ಲಿ ಕೆಂಚುಹುಲ್ಲು ಉಳಿದಿದ್ದದ್ದೇ ಆ ಚೌಕದಲ್ಲಿ. ಇಲ್ಲಿ ಹೋದರೆ ಹೋಯಿತು. ಮೇಷ್ಟ್ರು ಬದುಕಿಸಿಟ್ಟದ್ದನ್ನು ತಾನು ಕೊಂದೆ ಎಂಬ ಸಂಕಟ ಅವಳನ್ನು ಹಿಂಡಿಹಾಕಿತು.

ಇದು ಸಾಲದು ಎಂಬಂತೆ ಆ ಸದ್ದು ಬೇರೆ. ಸಂಜೆ ಕೋಣೆಯಲ್ಲಿ ಕಿಟಕಿ ಮುಚ್ಚಲು ಎದ್ದರೆ ಇಳಿಜಾರಿನ ಕಡೆಯಿಂದ ಟಣ್. ಸ್ವಲ್ಪ ಹೊತ್ತಿಗೆ ಇನ್ನೊಂದು, ಅದೇ ನಿಧಾನ, ಅದೇ ನಡಿಗೆಯ ಅಂತರ. ಮೊದಲ ಸಲ ಗಾಳಿ ಇರಬೇಕು ಎಂದುಕೊಂಡಳು. ಗಾಳಿಯೇ ಇಲ್ಲದ ಸಂಜೆಯೂ ಕೇಳಿಸಿತು. ಯಾರಿಗೆ ಹೇಳುವುದು? ಪ್ರೊಫೆಸರಮ್ಮನಿಗೆ ದೆವ್ವ ಹಿಡಿದಿದೆ ಎಂದು ಆಡಿಕೊಳ್ಳಲು ಜನಕ್ಕೆ ಅಷ್ಟು ಸಾಕು. ಅವಳು ತುಟಿ ಪಿಟಕ್ಕೆನ್ನದೆ, ಸದ್ದು ಬರುವ ಮೊದಲೇ ಮನೆಗೆ ಹೊರಡುವುದನ್ನು ರೂಢಿ ಮಾಡಿಕೊಂಡಳು. ಮನೆಯಲ್ಲೂ ಅದು ಬಿಡಲಿಲ್ಲ. ಲೋಟಕ್ಕೆ ಚಮಚ ತಾಗಿದರೂ ಎದೆ ಧಸಕ್ಕೆನ್ನುತ್ತಿತ್ತು.

ಒಂದು ವರ್ಷ ಇಡೀ ಚೌಕದಲ್ಲಿ ಅಳತೆಗೆ ಒಂದೇ ಒಂದು ತೆನೆಯೂ ಸಿಗಲಿಲ್ಲ. ಅವತ್ತು ಅವಳು ಮನೆಗೆ ಹೊರಡಲಿಲ್ಲ. ಮೇಷ್ಟ್ರೇ ಬಂದರೆ ಬರಲಿ, ಬೈಯಲಿ, ನಾನೂ ಎರಡು ಮಾತು ಕೇಳುತ್ತೇನೆ ಎಂದು ಕಿಟಕಿಗೆ ಆತು ಕಾದಳು. ಟಣ್ ಎಂದಿತು. ಟೊಪ್ಪಿಗೆ ತಲೆಗೆ ಸಿಕ್ಕಿಸಿಕೊಂಡು, ಜೀವ ಕೈಯಲ್ಲಿ ಹಿಡಿದುಕೊಂಡು ಇಳಿಜಾರು ಇಳಿದಳು.

ಬೇಲಿಯ ಹತ್ತಿರ ಮೇಷ್ಟ್ರು ಇರಲಿಲ್ಲ. ಕುರಿಗಳಿದ್ದವು. ಹೊರಗೆ ಸಾಲಾಗಿ ನಿಂತು, ತಂತಿಗಳ ನಡುವೆ ಕತ್ತು ತೂರಿಸಿ ಒಳಗಿನದನ್ನು ಮೇಯುತ್ತಿದ್ದವು. ಒಂದು ಕತ್ತು ಹಿಂದಕ್ಕೆಳೆದುಕೊಂಡರೆ ತಂತಿ ಟಣ್ ಎನ್ನುತ್ತಿತ್ತು. ಹಾಳಾದ ಕುರಿಗಳಾ ಎಂದು ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಅವು ಮೇಯುತ್ತಿದ್ದದ್ದು ಹಸಿರನ್ನು. ಬೇಲಿಯ ಒಳಗೆ, ಸುತ್ತಲೂ, ಕುರಿಯ ಕತ್ತು ಎಷ್ಟು ದೂರ ಚಾಚುತ್ತದೋ ಅಷ್ಟೇ ಅಗಲದಲ್ಲಿ ಕೆಂಚುಹುಲ್ಲು ಗಟ್ಟಿಮುಟ್ಟಾಗಿ ನಿಂತಿತ್ತು. ಬಾಯಿಯಿಂದ ತಪ್ಪಿಸಿಕೊಂಡ ತೆನೆಗಳು ಕೆಂಪಗೆ ಹೊಳೆಯುತ್ತಿದ್ದವು. ಕುರಿ ಮುಟ್ಟದ ನಡುಭಾಗವೆಲ್ಲ ತನ್ನದೇ ಒಣಹುಲ್ಲಿನಡಿ ಉಸಿರುಕಟ್ಟಿ ಸತ್ತಿತ್ತು.

ಆ ಪಟ್ಟಿಯನ್ನು ಅವಳು ನೋಡಿರಲಿಲ್ಲವೆಂದಲ್ಲ. ಅಂಚು ತಾನೇ ಎಂದು ಪ್ರತಿ ಸಲವೂ ದಾಟಿಕೊಂಡು ಹೋಗಿ ನಡುವೆ ಕೂತು ಸತ್ತದ್ದನ್ನು ಎಣಿಸಿದ್ದಳು. ದಣಿದ ನೆಲಕ್ಕೆ ವಿಶ್ರಾಂತಿ ಬೇಕಿತ್ತು, ಮೇಷ್ಟ್ರು ಕೊಟ್ಟರು. ಮಲಗಿದ್ದು ಸಾಕು ಎಂದು ಆಮೇಲೆ ಯಾರೂ ಎಬ್ಬಿಸಲಿಲ್ಲ. ಆಗಾಗ ಸ್ವಲ್ಪ ಮೇಯಿಸಿ ಹೊರಗಟ್ಟಿದ್ದರೆ ಸಾಕಿತ್ತು. ಅವಳು ಅಲ್ಲೇ ಕೂತಳು. ಹುಲ್ಲು ಉಳಿಸಬೇಕೆಂದರೆ ಬೇಲಿ ತೆಗೆಯಬೇಕು. ಬೇಲಿ ತೆಗೆದರೆ ಕೊಟ್ಟ ಮಾತು ಹೋಯಿತು, ಮೇಷ್ಟ್ರ ಜೀವಮಾನದ ಹೆಸರೂ ಹೋಯಿತು, ಅವರ ಬೂದಿಯ ಮೇಲೆ ಕುರಿಗಳ ಗೊರಸು ಬೇರೆ.

ಮರುದಿನ ಮೇಷ್ಟ್ರ ಹೆಂಡತಿಯ ಮನೆಗೆ ಹೋದಳು. ಅವಳು ಅಮ್ಮ ಎಂದೇ ಕರೆಯುತ್ತಿದ್ದ ಅವರು ಅಡುಗೆಮನೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಅವಳಿಗೂ ಒಂದು ಹಿಡಿ ಕಾಯಿ ಕೊಟ್ಟರು. ಸುಲಿಯುತ್ತ ಸುಲಿಯುತ್ತ ಅವಳು ಎಲ್ಲ ಹೇಳಿದಳು, ಆ ಸದ್ದಿನ ವಿಷಯವನ್ನೂ ಬಿಡಲಿಲ್ಲ. ಅಮ್ಮ ಸುಲಿದ ಕಾಳನ್ನೆಲ್ಲ ಪಾತ್ರೆಗೆ ಸುರಿದರು.

"ಅವರಿಗೂ ಗೊತ್ತಾಗಿತ್ತು ಕಣೆ," ಎಂದರು ಕೊನೆಗೆ. "ಕಡೇ ವರ್ಷ ಬೇಲಿ ಹತ್ರ ಹೋಗಿ ಬಂದ್ರೆ ಊಟ ಸೇರ್ತಿರ್ಲಿಲ್ಲ. ಅಂಚಲ್ಲಿ ಮಾತ್ರ ಚೆನ್ನಾಗಿದೆ ಅಂತ ಒಂದ್ಸಲ ನನ್ ಹತ್ರ ಅಂದ್ರು. ನಿನಗೆ ಹೇಳೋಕೆ ನಾಚ್ಕೆ."

ಅವಳ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಮತ್ತೆ ನನ್ನಿಂದ ಮಾತು ಯಾಕೆ ತಗೊಂಡರು ಎಂದು ಕೇಳಿದಳು.

"ಸಾಯೋ ಮನುಷ್ಯ ಹೆದರಿದ್ರು, ನೀನು ಸಮಾಧಾನ ಮಾಡ್ದೆ. ಅಷ್ಟೇ ಅದು. ಈಗ ಅವರಿಗೆ ಯಾವ ಹೆದರಿಕೆ? ತೆಗಿ. ಬದುಕಿದ್ದಾಗ ಒಂದು ಎದುರು ಮಾತು ಆಡೋಕೆ ಬಿಡ್ಲಿಲ್ಲ ಮಹಾರಾಯ್ರು. ಈಗ ಕುರಿಗಳಾದ್ರೂ ಮೈಮೇಲೆ ಓಡಾಡ್ಲಿ."

ಹೇಳಿ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರಸಿಕೊಂಡರು.

ತೆನೆ ಉದುರಿದ ಮೇಲೆ ಒಂದು ಮಗ್ಗುಲಿನ ತಂತಿಯನ್ನೂ ಕಂಬಗಳನ್ನೂ ತೆಗೆಸಿದಳು. ಕುರಿಯವನು ಹಿಂಡನ್ನು ಹೊಡೆದುಕೊಂಡು ಬಂದ. ಕುರಿಗಳು ಬೇಲಿ ಇದ್ದ ಗೆರೆಯ ತನಕ ಬಂದು ನಿಂತವು. ನಿಂತಲ್ಲಿಂದಲೇ ಕತ್ತು ಚಾಚಿ ಅದೇ ಅಂಚನ್ನು ಮೇದವು. ಅಲ್ಲಿ ತಂತಿ ಇರಲಿಲ್ಲ, ಕಂಬ ಇರಲಿಲ್ಲ. ಅವನು ಗದರಿದ, ಹಿಂದಿನಿಂದ ತಳ್ಳಿದ. ಒಂದೂ ಗೆರೆ ದಾಟಲಿಲ್ಲ.

"ಬರಲ್ಲ ಅಕ್ಕ," ಎಂದ. "ಅಲ್ಲಿಗೆ ಹೋಗ್ಬಾರ್ದು ಅಂತ ತಾಯಂದಿರಿಂದ ಕಲ್ತಿವೆ."

ಅವಳು ಒಳಗೆ ಹೋಗಿ ಚೌಕದ ನಡುವೆ, ಆ ಸತ್ತ ಚಾಪೆಯ ಮೇಲೆ ನಿಂತು ಕರೆದಳು. ಕುರಿಗಳು ತಲೆ ಎತ್ತಿದವು. ಅವು ನೋಡಿದ್ದು ಅವಳನ್ನಲ್ಲ, ಅವಳಿಗೂ ತಮಗೂ ನಡುವಿನ ಆ ಗೆರೆಯ ಮೇಲೆ ಯಾವುದೋ ಒಂದು ಜಾಗವನ್ನು. ಅಷ್ಟೂ ಕುರಿಗಳು ಅದೊಂದೇ ಜಾಗವನ್ನು ನೋಡುತ್ತಿದ್ದವು. ಅವಳು ತಲೆಯ ಮೇಲಿನ ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡಳು.

"ಸರ್," ಎಂದಳು. ಕುರಿಯವನು ಕೇಳಿಸಿಕೊಳ್ಳುತ್ತಾನೆಂಬ ನಾಚಿಕೆಯೂ ಉಳಿದಿರಲಿಲ್ಲ. "ನನಗೆ ನಿಮ್ಮ ಮೇಲೆ ಕೋಪ ಇಲ್ಲ. ಕಾದಿದ್ದು ಸಾಕು. ದಾರಿ ಬಿಡಿ."

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಮುದಿ ಕುರಿ ಮುಂಗಾಲು ಎತ್ತಿ, ನೆಲ ಮೂಸಿ, ಗೆರೆ ದಾಟಿತು. ಉಳಿದವು ಅದರ ಹಿಂದೆಯೇ ಬಂದು ಅವಳ ಎರಡೂ ಪಕ್ಕದಿಂದ ಸರಿದು, ಒಣಹುಲ್ಲನ್ನು ತುಳಿಯುತ್ತ ಚೌಕದ ತುಂಬ ಹರಡಿಕೊಂಡವು. ಅವಳೂ ದಾರಿ ಬಿಟ್ಟು ನಿಂತಳು.