ದಾರಿಗೆ ಬೆನ್ನುಮಾಡಿ ನಿಂತವಳು

ಶೋದೋಶಿಮಾ ದ್ವೀಪದ ಪ್ರವಾಸಿ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಮಾರ್ಗದರ್ಶಿಯಾಗಿದ್ದ ಕುರೋಶಿಮಾ ಕಿನುಯೆಗೆ ಎಡಬಲಗಳ ಅರಿವು ತಲೆಕೆಳಗಾಗಿತ್ತು. ಇದು ಬುದ್ಧಿಯ ದೋಷದಿಂದ ಬಂದುದಲ್ಲ, ವೃತ್ತಿನಿಷ್ಠೆಯಿಂದ ಬಂದುದು. ಚಾಲಕನ ಪಕ್ಕದಲ್ಲಿ ದಾರಿಗೆ ಬೆನ್ನುಮಾಡಿ, ಅತಿಥಿಗಳಿಗೆ ಮುಖವೊಡ್ಡಿ ನಿಲ್ಲುವವಳು, ಬಿಳಿಯ ಕೈಗವಸು ತೊಟ್ಟ ತನ್ನ ಎಡಗೈಯನ್ನು ನೀಡಿ "ದಯಮಾಡಿ ತಮ್ಮ ಬಲಕ್ಕೆ ನೋಡಬೇಕು" ಎನ್ನಬೇಕು. ದಿನಕ್ಕೆ ನೂರು ಸಲ ಹಾಗೆಂದು ಹೇಳಿದ ನಾಲಗೆ ಮನೆಯಲ್ಲಿಯೂ ಅದನ್ನೇ ಹೇಳುತ್ತಿತ್ತು.

"ಉಪ್ಪಿನಕಾಯಿ ಜಾಡಿ ಬಲಗಡೆ ಹಲಗೆ ಮೇಲಿದೆ, ಅಮ್ಮ" ಎಂದು ಆಕೆ ಅತ್ತೆಗೆ ಹೇಳಿದರೆ, ಅತ್ತೆ ತೊಮೆ ಬಲಗಡೆಯೆಲ್ಲ ತಡಕಾಡಿ, ಕೊನೆಗೆ ಎಡಗಡೆಯಿಂದ ಜಾಡಿಯನ್ನು ಎತ್ತಿಕೊಂಡು ಬಂದು ಮುಂದೆ ಕುಕ್ಕುತ್ತಿದ್ದಳು.

"ನೀ ಹೇಳಿದ ಬಲ ಯಾವ್ದೇ? ಬಸ್ಸಿನ ಬಲವೋ, ಮನುಷ್ಯರ ಬಲವೋ?"

ಕಿನುಯೆ ಉತ್ತರ ತೀರದ ಕಲ್ಲುಕುಟಿಗನ ಮಗಳು. ತಂದೆ ಮಿತಭಾಷಿ, ಇಡೀ ದಿನದಲ್ಲಿ ಆತನ ಬಾಯಿಂದ ಹೊರಡುತ್ತಿದ್ದ ಮಾತುಗಳಿಗಿಂತ ಉಳಿಯಿಂದ ಹೊರಡುತ್ತಿದ್ದ ಕಿಡಿಗಳು ಹೆಚ್ಚು. ಆ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಮಾತೇ ಜೀವನೋಪಾಯವಾದುದು ದೈವದ ಲೀಲೆಯೆನ್ನಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ, ನೀರಿಳಿದ ಕಡಲ ತೀರದಲ್ಲಿ ಅಲೆಗಳಿಗೆ ಬೆನ್ನುಮಾಡಿ ನಿಂತು, ಬಂಡೆಗಳನ್ನೇ ಅತಿಥಿಗಳೆಂದು ಭಾವಿಸಿ, ದ್ವೀಪದ ನಾನೂರು ವರ್ಷಗಳ ಚರಿತ್ರೆಯನ್ನು ಆಕೆ ಒಪ್ಪಿಸುತ್ತಿದ್ದಳು. ಮೂರು ಹಾಡುಗಳನ್ನೂ ಹಾಡುತ್ತಿದ್ದಳು. ಬಂಡೆಗಳು ಅಡ್ಡಮಾತಾಡುವುದಿಲ್ಲವಾದ್ದರಿಂದ ಆಕೆಗೆ ಧೈರ್ಯ ಬಂದಿತು. ಮದುವೆಯಾದ ಮೇಲೂ ಆ ಕೆಲಸವನ್ನು ಬಿಡಲಿಲ್ಲ. ತೊಮೆಗೆ ಆದ ಮೊದಲ ಮುನಿಸು ಅದೇ.

ತೊಮೆಯ ಬಾಳು ಸೋಮೆನ್ ಎಂಬ ನೂಲಿನಂಥ ಶ್ಯಾವಿಗೆಯದು. ಹಿಟ್ಟಿನ ಹುರಿಗೆ ಎಳ್ಳೆಣ್ಣೆ ಸವರಿ, ಎರಡು ಕೋಲುಗಳಿಗೆ ಸುತ್ತಿ, ಎಳೆದು, ಮಾಗಿಸಿ, ಮತ್ತೆ ಎಳೆದು, ಕೂದಲಿನಷ್ಟು ಸಣ್ಣಗಾದ ಮೇಲೆ ಅಂಗಳದ ಚೌಕಟ್ಟುಗಳಿಗೆ ಏರಿಸಿ ಚಳಿಗಾಲದ ಬಿಸಿಲಿಗೊಡ್ಡುವುದು ಆಕೆಗೆ ಪೂಜೆಯಷ್ಟೇ ನಿಯಮದ ಕೆಲಸ. ಎಳೆಯುವುದಕ್ಕೆ ಇಬ್ಬರು ಬೇಕು. ಗಂಡ ತೀರಿಕೊಂಡ ಮೇಲೆ ಮಗ ಮೊರಿಯೊ ಸೋಯಾ ಕಾರ್ಖಾನೆಗೆ ಹೋಗುವ ಮುನ್ನ ಕೈಜೋಡಿಸುತ್ತಿದ್ದನು. ಆತನ ಭುಜವೂ ಸೋತಿತು. ತೊಮೆಗೆ ಆಗ ಎಪ್ಪತ್ತನಾಲ್ಕು. ಆ ಶರತ್ಕಾಲದಲ್ಲಿ ಆಕೆ ಊಟದ ಮಣೆಯ ಮುಂದೆ ಮಾತನ್ನು ನೇರವಾಗಿ ಇಟ್ಟಳು.

"ನಲವತ್ತೆರಡು ವರ್ಷದ ಹೆಂಗಸು ಟೋಪಿ ಹಾಕ್ಕೊಂಡು, ಸೀಟಿ ಊದ್ಕೊಂಡು, ಕಂಡೋರ ಮುಂದೆ ಹಾಡ್ಕೊಂಡು ತಿರುಗಿದ್ದು ಸಾಕು. ಈ ಸಲ ಶ್ಯಾವಿಗೆ ಕಾಲ ಶುರುವಾಗೋ ಹೊತ್ತಿಗೆ ಮನೇಲಿರು."

ಕಿನುಯೆ ಬಟ್ಟಲನ್ನು ಕೆಳಗಿಟ್ಟಳು. ಮಾತನ್ನೇ ಮಾರುವವರಿಗೆ ಮನೆಯಲ್ಲಿ ಮಾತು ಒದಗುವುದಿಲ್ಲ.

ಮೊರಿಯೊ ನಡುವೆ ಬಂದನು. "ಅಮ್ಮಾ, ಹದಿನೆಂಟು ವರ್ಷದಲ್ಲಿ ಒಂದಿನಾನೂ ನೀನು ಅವಳ ಬಸ್ಸು ಹತ್ತಿಲ್ಲ. ಕಾಣದ ಕೆಲಸಾನ ಬಿಡು ಅನ್ನೋದು ಯಾವ ನ್ಯಾಯ? ಮುಂದಿನ ತಿಂಗಳು ನಿಮ್ಮ ಹಿರಿಯರ ಕೂಟದವರು ಅವಳ ಬಸ್ಸಲ್ಲೇ ಪ್ರವಾಸ ಹೋಗ್ತಿದೀರಲ್ಲ. ಹೋಗಿ ನೋಡ್ಕೊಂಡು ಬಾ. ಆಮೇಲೆ ನೀನು ಬಿಡು ಅಂದ್ರೆ ಬಿಡ್ತಾಳೆ, ಇರ್ಲಿ ಅಂದ್ರೆ ಇರ್ತಾಳೆ."

"ಅವಳು ಒಪ್ಪಬೇಕಲ್ಲ?"

"ಒಪ್ಪಿದೀನಿ, ಅಮ್ಮ" ಎಂದಳು ಕಿನುಯೆ. ಆ ರಾತ್ರಿ ಅಗಿದ ಅನ್ನ ಆಕೆಗೆ ರುಚಿಸಲಿಲ್ಲ.

ಹಿರಿಯರ ಕೂಟವು ಪ್ರತಿವರ್ಷ ಕಡಲು ದಾಟಿ ಬಿಸಿನೀರಿನ ಬುಗ್ಗೆಗಳಿಗೆ ಹೋಗುವುದು ವಾಡಿಕೆ. ಆ ವರ್ಷ ಮೊಣಕಾಲುಗಳ ಕಷ್ಟ ಕೆಲವರಿಗೆ, ಹಡಗಿನ ಓಕರಿಕೆ ಕೆಲವರಿಗೆ. ಆದ್ದರಿಂದ ಹುಟ್ಟಿದ ದ್ವೀಪವನ್ನೇ ನೋಡಿಬಿಡೋಣವೆಂದು ತೀರ್ಮಾನವಾಗಿತ್ತು. ಜಗತ್ತಿನ ಜನವೆಲ್ಲ ಬಂದು ನೋಡಿ ಹೋಗುವುದನ್ನು ನೋಡಲು ಎಪ್ಪತ್ತು ವರ್ಷ ಪುರುಸೊತ್ತಿಲ್ಲದೆ ಇದ್ದವರು ಅವರು. ಹಿತ್ತಲ ಗಿಡ ಮದ್ದಲ್ಲವಷ್ಟೆ.

ನವೆಂಬರ್ ತಿಂಗಳ ಬೆಳಿಗ್ಗೆ ಇಪ್ಪತ್ತೇಳು ಮಂದಿ ಹತ್ತಿದರು. ತೊಮೆ ಮೂರನೆಯ ಸಾಲಿನ ಕಿಟಕಿಯ ಪಕ್ಕದಲ್ಲಿ, ಗೆಳತಿ ಸುಯೆನೊಳ ಜೊತೆ ಕುಳಿತಳು. ಸೊಸೆಯನ್ನು ಕಂಡೂ ಕಾಣದವಳಂತೆ ಕೈಚೀಲದ ಗಂಟನ್ನು ಬಿಚ್ಚಿದಳು, ಕಟ್ಟಿದಳು. ಕಿನುಯೆ ಟೋಪಿಯನ್ನು ನೆಟ್ಟಗೆ ಮಾಡಿಕೊಂಡು ನೆಲಮುಟ್ಟುವಂತೆ ಬಾಗಿ ವಂದಿಸಿದಳು.

ಮೊದಲ ನಿಲುಗಡೆಯೇ ಆಕೆಯ ಸತ್ತ್ವಪರೀಕ್ಷೆಯಾಯಿತು. ಪಟ್ಟಣದ ಕಚೇರಿಯ ಪಕ್ಕದಲ್ಲಿ, ಕಾಲುವೆಯಂತೆ ಕಾಣುವ ಹತ್ತು ಮಾರು ಅಗಲವೂ ಇಲ್ಲದ ಕಡಲ ಕಂಡಿ. "ಜಗತ್ತಿನಲ್ಲಿಯೇ ಅತ್ಯಂತ ಇಕ್ಕಟ್ಟಾದ ಜಲಸಂಧಿ ಇದು. ದಾಟಿದವರಿಗೆ ಕಚೇರಿಯಲ್ಲಿ ಪ್ರಮಾಣಪತ್ರ ದೊರೆಯುತ್ತದೆ" ಎಂದು ಆಕೆ ಹೇಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಗಿಸಾಕು ಎಂಬ ಮುದುಕ ಮೀನುಗಾರನ ಕಂಠ ಮೊಳಗಿತು.

"ಕಿನು-ಚಾನ್, ತೋಫು ತರೋಕೆ ನಾನು ದಿನಾ ಎರಡು ಸಲ ದಾಟ್ತೀನಮ್ಮ. ಹಂಗಾದ್ರೆ ನನ್ನ ಪ್ರಮಾಣಪತ್ರಗಳನ್ನೆಲ್ಲ ಹೊರೋಕೆ ದೋಣಿ ಬೇಕಾಗತ್ತಲ್ಲ!"

ಬಸ್ಸೆಲ್ಲ ನಕ್ಕಿತು. ಚಾಲಕ ಮುಕೈ ಕೂಡ ಕನ್ನಡಿಯಲ್ಲಿ ನಕ್ಕದ್ದು ಕಂಡಿತು. ತೊಮೆ ನಗಲಿಲ್ಲ.

ಉತ್ತರ ತೀರಕ್ಕೆ ಬಂದರು. ಅಲ್ಲಿ ಒಸಾಕಾ ಕೋಟೆಯ ಗೋಡೆಗಾಗಿ ಕಡಿದು, ಹಡಗು ಹತ್ತದೆ ಉಳಿದುಹೋದ ಹೆಬ್ಬಂಡೆಗಳು ಹುಲ್ಲಿನ ನಡುವೆ ಮಲಗಿವೆ. ಜನ ಅವನ್ನು ವಿಷಾದದ ಕಲ್ಲುಗಳೆನ್ನುತ್ತಾರೆ. ಕಿನುಯೆ ಈ ಭಾಗವನ್ನು ವಿಶೇಷ ಕರುಣೆಯಿಂದ ಹೇಳುತ್ತಿದ್ದಳು. ತಂದೆಯ ಕುಲದವರ ಉಳಿಯ ಗುರುತು ಆ ಕಲ್ಲುಗಳ ಮೇಲಿತ್ತೆಂಬುದು ಆಕೆಯ ನಂಬಿಕೆ. "ಕೋಟೆಯನ್ನು ಸೇರಲಾರದ ದುಃಖದಲ್ಲಿ ನಾನೂರು ವರ್ಷದಿಂದ ಈ ಕಲ್ಲುಗಳು ಕಡಲ ಕಡೆಗೇ ನೋಡುತ್ತ..."

"ಯಾವ ದುಃಖಾನೂ ಇಲ್ಲ ಅದಕ್ಕೆ" ಎಂದ ಗಿಸಾಕು. "ನಮ್ಮಜ್ಜ ಅದರ ಮೇಲೆ ಬಲೆ ಒಣಗಿಸ್ತಿದ್ದ, ನಾನು ಅದರ ಮೇಲೆ ನಿದ್ದೆ ಮಾಡಿದೀನಿ. ಕೋಟೆಗೆ ಹೋಗಿದ್ರೆ ತಲೆ ಮೇಲೆ ಇನ್ನೊಂದು ಕಲ್ಲು ಹೇರಿರೋರು. ಬದುಕಿಕೊಂಡಿತು!"

ಸುಯೆನೊ ನಗುತ್ತ ನಗುತ್ತ ಕಿತ್ತಳೆಯ ಸಿಪ್ಪೆಯನ್ನು ತೊಮೆಯ ಮಡಿಲಿಗೆ ಉದುರಿಸಿದಳು. ಕಿನುಯೆಯೂ ನಕ್ಕಳು. ಅಪರಿಚಿತರ ಮುಂದೆ ಮುತ್ತಿನಂತೆ ಉದುರುವ ಮಾತು, ಬಲ್ಲವರ ಮುಂದೆ ಜೊಳ್ಳಿನಂತೆ ಹಾರುತ್ತದೆ. ಈ ಜನಕ್ಕೆ ನಾನು ಹೇಳಬಹುದಾದ ಹೊಸದೇನಿದೆ, ಎಂಬ ಪ್ರಶ್ನೆ ಆಕೆಯ ಎದೆಯಲ್ಲಿ ಮುಳ್ಳಿನಂತೆ ನಾಟಿತು.

ಮಧ್ಯಾಹ್ನಕ್ಕೆ ಮುನ್ನ ಬೆಟ್ಟದ ಬದಿಯ ಗುಹಾದೇವಾಲಯ. ದ್ವೀಪವನ್ನು ಸುತ್ತುವ ಎಂಬತ್ತೆಂಟು ಪುಣ್ಯಸ್ಥಾನಗಳಲ್ಲಿ ಅದೊಂದು. ಅಲ್ಲಿ ಯಾರೂ ಹಾಸ್ಯಮಾಡಲಿಲ್ಲ. ಮೊಣಕಾಲು ನೋವಿನವರೂ ಒಬ್ಬರ ಹೆಗಲನ್ನೊಬ್ಬರು ಹಿಡಿದು ಮೆಟ್ಟಿಲೇರಿದರು. ಹಣತೆಗಳ ಮುಂದೆ ಇಪ್ಪತ್ತೇಳು ಕಂಠಗಳು ಒಂದಾಗಿ ಮಹಾಗುರು ದೈಶಿಯ ನಾಮವನ್ನು ಜಪಿಸಿದಾಗ ಕಲ್ಲಿನ ಛಾವಣಿಯೇ ಮಾರ್ದನಿಗೊಟ್ಟು ಜಪಿಸಿತು. ನಂಬಿ ಕರೆದ ದನಿಗೆ ಯಾವ ದೇಶದಲ್ಲಾದರೇನು, ಯಾವ ನಾಮದಲ್ಲಾದರೇನು, ಓಗೊಡುವವನು ಒಬ್ಬನೇ. ಕಿನುಯೆ ವಿವರಣೆಗೆಂದು ತೆರೆದ ಬಾಯನ್ನು ಮುಚ್ಚಿ, ಕೈಗವಸುಗಳನ್ನು ಕಳಚಿ, ಕೊನೆಯ ಸಾಲಿನಲ್ಲಿ ನಿಂತು ಕೈಮುಗಿದಳು. ಅಲ್ಲಿ ಅವಳ ಮಾತು ಯಾರಿಗೂ ಬೇಕಿರಲಿಲ್ಲ. ಅದು ಆಕೆಗೆ ನೆಮ್ಮದಿಯನ್ನೂ ಕೊಟ್ಟಿತು, ಅಂಜಿಕೆಯನ್ನೂ ಕೊಟ್ಟಿತು.

ಉಳಿದದ್ದು ಕಂಕಾಕೆಯ್ ಕಮರಿ. ಮೇಪಲ್ ಮರಗಳು ಕೆಂಪಾಗುವ ಕಾಲ. ದ್ವೀಪದ ಕೀರ್ತಿಯೆಲ್ಲ ಅಲ್ಲಿದೆ. ತುದಿಯ ಕಟ್ಟೆಯಿಂದ ಕಮರಿ, ಕೊಲ್ಲಿ, ಊರುಗಳು, ಒಳಗಡಲು, ಆಚೆಯ ನಾಡಿನ ಬೆಟ್ಟಗಳವರೆಗೂ ಕಾಣುತ್ತದೆ. ತೊಮೆಯಾಗಲಿ ಅವಳ ಗೆಳತಿಯರಲ್ಲಿ ಅರ್ಧ ಜನವಾಗಲಿ ಅಲ್ಲಿಗೆ ಒಮ್ಮೆಯೂ ಏರಿದವರಲ್ಲ. ಇಲ್ಲಾದರೂ ಈ ನೋಟವೇ ತನ್ನ ಪರವಾಗಿ ಮಾತಾಡೀತೆಂದು ಕಿನುಯೆ ಬೆಳಗಿನಿಂದ ಕಾದಿದ್ದಳು. ಬಸ್ಸು ಕೊನೆಯ ತಿರುವು ಕಳೆಯಿತು. ಮೋಡ ಬಂದು ಬೆಟ್ಟದ ಮೇಲೆ ಮಲಗಿತ್ತು. ಕಟ್ಟೆಯ ಕಂಬಿಯಿಂದಾಚೆಗೆ ಹಾಲು ಚೆಲ್ಲಿದಂತೆ ಬಿಳುಪು, ಬೇರೇನೂ ಇಲ್ಲ.

ಇಂತಹ ದಿನಕ್ಕೂ ಆಕೆಯ ಪಾಠದಲ್ಲಿ ಮಾತಿತ್ತು. "ಹವೆ ತಿಳಿಯಾಗಿದ್ದಿದ್ದರೆ ತಮ್ಮ ಬಲಕ್ಕೆ ನೋಡಬಹುದಾಗಿದ್ದ..." ಎಂದು ಎಡಗೈಯೆತ್ತಿದಳು.

"ಕಾಣದ್ದನ್ನ ತೋರ್ಸೋಕೆ ಪುರೋಹಿತರು ಇದಾರಲ್ಲಮ್ಮ" ಎಂದ ಗಿಸಾಕು. "ನಿನಗ್ಯಾಕೆ ಆ ಕಷ್ಟ?"

ನಗೆ ಎದ್ದಿತು, ಅಡಗಿತು. ಕಿನುಯೆಗೆ ಮುಂದಿನ ವಾಕ್ಯ ಬರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ನಾಲಗೆ ಒಣಗಿ ನಿಂತಿತು. ಮುದುಕರು ಕಾದರು. ಯಾರೋ ಕೆಮ್ಮಿದರು. ತೊಮೆ ತಲೆ ತಗ್ಗಿಸಿ ತನ್ನ ಪಾದರಕ್ಷೆಗಳನ್ನು ನೋಡುತ್ತಿದ್ದಳು. ಸೊಸೆಯ ಅವಮಾನವನ್ನು ನೋಡಲಾರದೆಯೋ, ತನ್ನ ತೀರ್ಪು ಸಿದ್ಧವಾಯಿತೆಂದೋ, ತಿಳಿಯುವಂತಿರಲಿಲ್ಲ.

ಆಗ ಕಿನುಯೆ ಯಾವ ಮಾರ್ಗದರ್ಶಿಯೂ ಮಾಡಬಾರದ ಕೆಲಸವನ್ನು ಮಾಡಿದಳು. ಅತಿಥಿಗಳಿಗೆ ಬೆನ್ನು ತಿರುಗಿಸಿದಳು. ಅವರಂತೆಯೇ ಮೋಡಕ್ಕೆ ಮುಖಮಾಡಿ ಕಂಬಿಯ ಬಳಿ ನಿಂತು ಬಲಗೈಯನ್ನು ನೀಡಿದಳು.

"ಈಗ ನನ್ನ ಬಲವೇ ನಿಮ್ಮ ಬಲ. ನೋಡಿ, ಈ ಬೆರಳಿನ ತುದಿಗೆ ಕೊಲ್ಲಿಯ ಬಾಯಿ. ಅಲ್ಲಿ ಮೂರನೇ ದೋಣಿ, ನೀಲಿ ತಾಡಪಾಲಿಂದು, ಗೀ-ಸಾನ್ ಅವರದು. ಹಗ್ಗ ಸರಿಯಾಗಿ ಕಟ್ಟಿಲ್ಲ, ಯಾವಾಗ್ಲೂ ಓರೆಯಾಗಿ ನಿಂತಿರತ್ತೆ."

"ಏಯ್, ಅದು ಓರೆಯಲ್ಲ! ಗಾಳಿ ನೋಡಿ ಕಟ್ಟಿರೋದು" ಎಂದು ಗಿಸಾಕು ಮುಂದಕ್ಕೆ ಬಂದ.

"ಅಲ್ಲಿಂದ ಮೇಲಕ್ಕೆ ಬನ್ನಿ. ಶಾಲೆಯ ಹೆಂಚು. ಅದರ ಹಿಂದೆ ಸುಯೆನೊ-ಸಾನ್ ಅವರ ಪರ್ಸಿಮನ್ ಮರ. ಹೊಸ ವರ್ಷ ಬಂದ್ರೂ ಹಣ್ಣು ಕೀಳೋದೇ ಇಲ್ಲ, ಕೆಂಪಗೆ ಇಲ್ಲಿಗೂ ಕಾಣ್ಸತ್ತೆ."

"ಮರ ಹತ್ತೋರು ಯಾರಿದಾರೆ ನಮ್ಮನೇಲಿ! ಅದು ಶಾಲೆ ಹಿಂದೆ ಅಲ್ಲ ಕಣೇ, ಪಕ್ಕಕ್ಕೆ."

"ಇಲ್ಲಿಂದ ಹಿಂದೆ ಅಂತಾನೇ ಕಾಣ್ಸತ್ತೆ."

ಮುದುಕರು ಒಬ್ಬೊಬ್ಬರಾಗಿ ಕಂಬಿಗೆ ಒತ್ತಿಕೊಂಡರು. ನಮ್ಮನೆ ಎಲ್ಲಿ, ನಮ್ಮ ಆಲಿವ್ ತೋಟ ಎಲ್ಲಿ, ಯಜಮಾನರ ಸಮಾಧಿಗೆ ಬಿಸಿಲು ಬೀಳತ್ತಾ ಎಂದು ಕೇಳಿದರು. ಕಿನುಯೆ ಬೆರಳನ್ನು ಮೋಡದ ಮೇಲೆ ನಡೆಸುತ್ತ ಒಂದೊಂದನ್ನೂ ತೋರಿಸಿದಳು. ಬಿಳಿಯ ಶೂನ್ಯದಲ್ಲಿ ಇಡೀ ಊರು ಮನೆಮನೆಯಾಗಿ ಎದ್ದು ನಿಂತಿತು. ಜಗಳವೂ ಎದ್ದಿತು; ಬಾವಿ ಯಾರ ಬೇಲಿಯ ಒಳಗಿದೆಯೆಂದು ಇಬ್ಬರು ಮುದುಕಿಯರು ಅಲ್ಲಿಯೇ ವಾದಕ್ಕೆ ನಿಂತರು.

"ನಮ್ಮನೆ?" ಎಂದು ಹಿಂದಿನಿಂದ ತೊಮೆಯ ದನಿ ಕೇಳಿತು.

"ದೋಣಿಗಳ ಎಡಕ್ಕೆ, ಅಮ್ಮ. ನಿಜವಾದ ಎಡಕ್ಕೆ. ಚಳಿಗಾಲದಲ್ಲಿ ನಮ್ಮನೆ ಹುಡುಕೋದು ಎಲ್ಲಕ್ಕಿಂತ ಸುಲಭ. ಅಂಗಳದಲ್ಲಿ ಬೆಳ್ಳಗಿರತ್ತೆ."

"ಸುಳ್ಳು ಹೇಳ್ಬೇಡ. ಇಷ್ಟೆತ್ತರಕ್ಕೆ ಶ್ಯಾವಿಗೆ ಕಾಣ್ಸತ್ತಾ?"

"ಎಳೆ ಕಾಣ್ಸಲ್ಲ. ಬಿಳುಪು ಕಾಣ್ಸತ್ತೆ, ಉಗುರಷ್ಟು. ಅತಿಥಿಗಳು ಫೋಟೋ ತೆಗೆಸ್ಕೊಳ್ಳೋ ಹತ್ತು ನಿಮಿಷ ನನಗೆ ಕೆಲಸ ಇರಲ್ಲ. ಆಗ ಈ ಕಡೆ ತಿರುಗಿ ನೋಡ್ತೀನಿ. ಬಿಳುಪಿದ್ರೆ, ಅಮ್ಮನ ಸೊಂಟ ಇವತ್ತು ಪರವಾಗಿಲ್ಲ. ಇಲ್ಲದಿದ್ರೆ, ಸಂಜೆ ಬರ್ತಾ ಸೊಂಟಕ್ಕೆ ಅಂಟಿಸೋ ನೋವಿನ ಪಟ್ಟಿ ತಗೊಂಡು ಬರ್ತೀನಿ."

ಆ ಪಟ್ಟಿಗಳು ತೊಮೆಗೆ ಗೊತ್ತಿದ್ದವು. ನೋವೆಂದು ಯಾರಿಗೂ ಹೇಳದ ದಿನಗಳಲ್ಲಿಯೇ ಅವು ದಿಂಬಿನ ಪಕ್ಕದಲ್ಲಿ ಇರುತ್ತಿದ್ದವು.

"ಮೊರಿಯೊ ತಂದಿಡ್ತಾನೆ ಅಂದ್ಕೊಂಡಿದ್ದೆ" ಎಂದಳು.

"ಮೊರಿಯೊಗೆ ನಿನ್ನ ಸೊಂಟ ಎಲ್ಲಿದೆ ಅಂತಾನೇ ಗೊತ್ತಿರಲ್ಲ" ಎಂದಳು ಸುಯೆನೊ. "ಗಂಡುಮಕ್ಕಳಿಗೆ ತಾಯಿ ಹೊಟ್ಟೆಯಿಂದ ಹೊರಗೆ ಬರೋ ದಾರಿ ಗೊತ್ತು, ಅಲ್ಲಿಗೆ ಮುಗೀತು!"

ಎಲ್ಲರೂ ನಕ್ಕರು. ತೊಮೆ ನಗಲಿಲ್ಲ, ಕಂಬಿಗೆ ಇನ್ನಷ್ಟು ಸರಿದು ನಿಂತು, ಸೊಸೆಯ ಬೆರಳು ತೋರಿದ ಕಡೆಗೆ, ಮೋಡ ಸೀಳುವವಳಂತೆ ಬಹಳ ಹೊತ್ತು ನೋಡಿದಳು. ಹೊರಡುವ ಸೀಟಿ ಊದಿದಾಗ ಎಲ್ಲರಿಗಿಂತ ಕೊನೆಯಲ್ಲಿ ಬಸ್ಸು ಹತ್ತಿದವಳು ಆಕೆಯೇ.

ಸಂಜೆ ಮನೆಯಲ್ಲಿ ಮೊರಿಯೊ ಬಟ್ಟಲಿಗೆ ಕೈಹಾಕುವ ಮುನ್ನವೇ ಕೇಳಿದನು. "ಏನಮ್ಮ? ಬಿಡ್ಬೇಕೋ, ಇರ್ಬೇಕೋ?"

ಕಿನುಯೆ ಅನ್ನ ಬಡಿಸುತ್ತಿದ್ದ ಕೈಯನ್ನು ತಡೆದಳು.

"ಏನು ಹೇಳ್ಲಿ?" ಎಂದಳು ತೊಮೆ. "ಮೋಡ ಮುಚ್ಕೊಂಡಿತ್ತು, ಏನೂ ಕಾಣ್ಸಲಿಲ್ಲ. ನೋಡದೆ ತೀರ್ಪು ಹೇಳೋದು ಯಾವ ನ್ಯಾಯ, ನೀನೇ ಹೇಳ್ದೆಯಲ್ಲ? ತಿಳಿಯಾದ ದಿನ ಇನ್ನೊಂದ್ಸಲ ಹೋಗ್ಬೇಕು."

"ಅಲ್ಲೀವರೆಗೂ ಶ್ಯಾವಿಗೆ ಎಳೆಯೋರು?"

"ಸುಯೆನೊ ಸೊಸೆ ಸುಮ್ನೆ ಕೂತಿದಾಳೆ, ಬಾ ಅಂದಿದೀನಿ. ಬಸ್ಸಲ್ಲೇ ಮಾತಾಯ್ತು. ಅನ್ನ ಹಾಕೇ, ಆರತ್ತೆ."

ಆ ತೀರ್ಪಿನ ಕಥೆ ಅಲ್ಲಿಂದ ಬೆಳೆಯಿತು. ಮರುವರ್ಷ ತೊಮೆ ಹೋದಾಗ ವಸಂತದ ಮಬ್ಬು. ಅದರ ಮರುವರ್ಷ ಬಿಸಿಲಿತ್ತು, ಆದರೆ ಬಸ್ಸಿನ ತೂಗಾಟಕ್ಕೆ ನಿದ್ದೆ ಹತ್ತಿ, ಎಬ್ಬಿಸುವಷ್ಟರಲ್ಲಿ ಇಳಿಜಾರು ಬಂದಿತ್ತು. ನಾಲ್ಕನೆಯ ಸಲ, ಜನವರಿಯ ಒಂದು ದಿನ, ಆಕಾಶ ಕಂಚಿನ ತಟ್ಟೆಯನ್ನು ಉಜ್ಜಿಟ್ಟಂತೆ ಹೊಳೆಯುತ್ತಿತ್ತು. ಹೊರಡುವಾಗ ತೊಮೆ ಸುಯೆನೊಳ ಸೊಸೆಗೆ, "ಒಂಬತ್ತು ಗಂಟೆ ಒಳಗೆ ಎಲ್ಲಾನೂ ಹೊರಗೆ ಹಾಕಿರ್ಬೇಕು, ಒಂದು ಚೌಕಟ್ಟೂ ಉಳೀಬಾರ್ದು" ಎಂದು ಮೂರು ಬಾರಿ ಹೇಳಿ ಬಂದಿದ್ದಳು. ಕಟ್ಟೆಯ ಮೇಲೆ ಸೊಸೆಯ ಪಕ್ಕದಲ್ಲಿ ನಿಂತು, ಕೈಯನ್ನು ಹುಬ್ಬಿಗೆ ಅಡ್ಡಹಿಡಿದು ನೋಡಿದಳು. ದೋಣಿಗಳ ಎಡಕ್ಕೆ, ಉಗುರಿನಷ್ಟು ಬಿಳುಪು. ಅತಿಥಿಗಳು ಚಿತ್ರ ತೆಗೆಸಿಕೊಂಡು ಮುಗಿಸಿ ಬಸ್ಸು ಹತ್ತುವವರೆಗೂ ಅತ್ತೆ ಸೊಸೆಯರು ಅತ್ತ ಕಡೆಯೇ ನೋಡುತ್ತ ನಿಂತಿದ್ದರು.

ಆ ಸಂಜೆ ಮೊರಿಯೊ ಮತ್ತೆ ಕೇಳಿದನು. ಆ ಹೊತ್ತಿಗೆ ಅದು ಮನೆಯಲ್ಲೊಂದು ವಾರ್ಷಿಕ ವಿಧಿಯಾಗಿತ್ತು.

"ಕಡೇ ಸಾಲಿನ ಚೌಕಟ್ಟು ಒಂಚೂರು ಓರೆಯಾಗಿತ್ತು" ಎಂದಳು ತೊಮೆ. "ಅದನ್ನೇ ನೋಡ್ತಾ ನಿಂತ್ಬಿಟ್ಟೆ, ಇವಳ ಕೆಲಸದ ಕಡೆ ಗಮನ ಹೋಗಲಿಲ್ಲ. ಮುಂದಿನ ವರ್ಷ ನೋಡೋಣ."

ಕಿನುಯೆ ಅರುವತ್ತು ತುಂಬಿ ನಿವೃತ್ತಳಾಗುವವರೆಗೂ ದಾರಿಗೆ ಬೆನ್ನುಮಾಡಿ ನಿಂತಳು. ತೊಮೆ ತೊಂಬತ್ತರವರೆಗೆ ಬದುಕಿ, ಒಟ್ಟು ಹನ್ನೊಂದು ಬಾರಿ ಆ ಬೆಟ್ಟವನ್ನೇರಿದಳು. ತೀರ್ಪನ್ನು ಕೊಡಲೇ ಇಲ್ಲ.