ಜಗಲಿಯಷ್ಟು ಎತ್ತರದ ಬೈಕು

ಬೈಕಿನ ಮೇಲೆ ಕೂತರೆ ನಮ್ಮ ಭಾವನ ಮೊಣಕಾಲುಗಳು ಪೆಟ್ರೋಲ್ ಟ್ಯಾಂಕಿಗಿಂತ ಮೇಲಿರುತ್ತಿದ್ದವು. ಅವರು ಆರಡಿ ಆಳು. ಬೈಕು ಮಾತ್ರ ನೆಲಕ್ಕೆ ಅಂಟಿಕೊಂಡಂತೆ ಗಿಡ್ಡ. ದೂರದಿಂದ ನೋಡಿದರೆ ಬೇಗಾರಿನ ಕಡೆಯಿಂದ ದೊಡ್ಡ ಮಿಡತೆಯೊಂದು ಶೃಂಗೇರಿಗೆ ಬರುತ್ತಿರುವ ಹಾಗೆ ಕಾಣುತ್ತಿತ್ತು. ರಸ್ತೆಯ ಉಬ್ಬು ಸಿಕ್ಕಲ್ಲೆಲ್ಲ ಬೈಕಿನ ಅಡಿ ತಾಗಿ ಕರ್ರ್ ಎನ್ನುತ್ತಿತ್ತು.

"ಎಂತದು, ರಸ್ತೆ ಉಳ್ತಾ ಇದೀರಾ?" ಎಂದು ಎಸ್‌ಟಿಡಿ ಬೂತಿನವನು ಕೂಗಿ ಕೇಳುತ್ತಿದ್ದ.

"ಹೌದು ಮಾರಾಯ, ಬೀಜ ಹಿಡ್ಕಂಡು ಹಿಂದೆ ಬಾ."

ಯಾಕೆ ತಗ್ಗಿಸಿದ್ದೆಂದು ಯಾರೇ ಕೇಳಲಿ, ಭಾವನದು ಒಂದೇ ಉತ್ತರ: "ಸ್ಟೈಲಿಗೆ."

ನನಗೆ ಗೊತ್ತಿದ್ದ ಕಾರಣ ಬೇರೆ. ನನ್ನ ಅಕ್ಕನ ಎಡ ಮೊಣಕಾಲು ಚಿಕ್ಕಂದಿನಿಂದಲೂ ಮಡಚುವುದಿಲ್ಲ. ಅವರ ಮದುವೆಯಾದ ಹೊಸತರಲ್ಲಿ ನರಸಿಂಹರಾಜಪುರಕ್ಕೆ ಒಂದು ಮದುವೆಗೆ ಹೋಗಿದ್ದೆವು. ಹೊರಡುವಾಗ, ಅಕ್ಕನಿಗೆ ಬೈಕ್ ಹತ್ತಲು ಸುಲಭವಾಗಲೆಂದು ಭಾವ ಛತ್ರದೊಳಗಿಂದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ಊಟ ಮುಗಿಸಿ ಎಲೆಯಡಿಕೆ ಹಾಕುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಕ್ಕ ಬಸ್ಸಿನಲ್ಲಿ ಮನೆಗೆ ಬಂದಳು. ಮತ್ತೆ ಬೈಕಿನ ಹತ್ತಿರ ಸುಳಿಯಲಿಲ್ಲ. ಬಸ್ಸಿನ ಮೆಟ್ಟಿಲೂ ಎತ್ತರವೇ. ಹಾಗಾಗಿ ನಿಧಾನಕ್ಕೆ ನೆಂಟರ ಮನೆಗೆ ಹೋಗುವುದೂ ನಿಂತಿತು. "ನೀವು ಹೋಗಿ ಬನ್ನಿ" ಎನ್ನುವುದು ಅವಳಿಗೆ ರೂಢಿಯಾಯಿತು. ಒಬ್ಬರೇ ಹೋಗಿ ಉಂಡು ಬರುವುದು ಭಾವನಿಗೆ ರೂಢಿಯಾಗಲಿಲ್ಲ.

ಒಂದು ದಿನ ನನ್ನನ್ನೂ ಕೂರಿಸಿಕೊಂಡು ಕೊಪ್ಪದ ಗ್ಯಾರೇಜಿಗೆ ಹೋದರು.

"ಈ ರಸ್ತೆಗೆ ಎಲ್ಲ ಎತ್ತರ ಮಾಡ್ಸ್ತಾರೆ, ನೀವೊಬ್ರು ತಗ್ಗಿಸು ಅಂತೀರಲ್ಲ! ಎಷ್ಟು ತಗ್ಗಿಸ್ಬೇಕು?" ಎಂದ ಮೆಕ್ಯಾನಿಕ್.

ಭಾವ ಜೇಬಿನಿಂದ ಗಂಟು ಹಾಕಿದ ಬಾಳೆನಾರೊಂದನ್ನು ತೆಗೆದು ನೆಲಕ್ಕೆ ಇಳಿಬಿಟ್ಟು ತೋರಿಸಿದರು. "ಸೀಟು ಈ ಗಂಟಿಗೆ ಬರ್ಬೇಕು."

ಬೆಳಿಗ್ಗೆ ಅದೇ ನಾರನ್ನು ಅವರು ಮನೆಯ ಎತ್ತರದ ಜಗಲಿಗೆ ಹಿಡಿದು ಅಳೆಯುತ್ತಿದ್ದುದನ್ನು ನೋಡಿದ್ದೆ. ಅಕ್ಕ ಯಾರ ಕೈಯನ್ನೂ ಹಿಡಿಯದೆ, ಬೆನ್ನು ಮಾಡಿ ಆತು ಕೂರುತ್ತಿದ್ದುದು ಆ ಜಗಲಿಯ ಮೇಲೆ ಮಾತ್ರ.

ಮೆಕ್ಯಾನಿಕ್ ಮುಂದಿನ ಫೋರ್ಕಿನ ಪೈಪುಗಳನ್ನು ಮೇಲಕ್ಕೆ ಸರಿಸಿ ಬಿಗಿದ, ಹಿಂದೆ ಗಿಡ್ಡ ಶಾಕ್ ಅಬ್ಸಾರ್ಬರ್ ಹಾಕಿದ, ಸೀಟಿನ ಸ್ಪಂಜನ್ನೂ ಕೊಯ್ದ. ಸ್ಟ್ಯಾಂಡಿನ ವಿಷಯ ಮೂವರಿಗೂ ಮರೆತೇಹೋಗಿತ್ತು. ಬೈಕ್ ತಗ್ಗಿದ್ದರಿಂದ ಸ್ಟ್ಯಾಂಡು ಉದ್ದವಾಗಿಬಿಟ್ಟಿತ್ತು. ಹೊರಗೆ ತಂದು ನಿಲ್ಲಿಸಿದ್ದೇ ತಡ, ಬೈಕ್ ಸೆಟೆದು ನಿಂತು ಆಚೆ ಬದಿಗೆ ದಡಾರನೆ ಬಿತ್ತು.

"ನೋಡಾ, ಗಿಡ್ಡ ಆದ ಕೂಡ್ಲೆ ಸೊಕ್ಕು ಬಂತು ಇದಕ್ಕೆ!" ಎಂದು ಭಾವ ಹೊಟ್ಟೆ ಹಿಡಿದು ನಕ್ಕರು. ಸ್ಟ್ಯಾಂಡನ್ನೂ ಕತ್ತರಿಸಿ ವೆಲ್ಡ್ ಮಾಡಿಸಿದೆವು.

ಮನೆಯಂಗಳದಲ್ಲಿ ಬೈಕ್ ನಿಲ್ಲಿಸಿ, "ಸ್ಟೈಲಿಗೆ ಮಾಡ್ಸಿದ್ದು ಮಾರಾಯ್ತಿ, ಹೆಂಗಿದೆ ನೋಡು" ಎಂದವರು, ಅದರ ಮೇಲೆ ಕೂತೇ ತೆಂಗಿನಮರ ನೋಡತೊಡಗಿದರು. ಅಕ್ಕ ಬೈಕಿಗೆ ಒಂದು ಸುತ್ತು ಬಂದಳು. ಬೆನ್ನು ಮಾಡಿ ಸೀಟಿಗೆ ಆತುಕೊಂಡಳು. ಕೂತೇಬಿಟ್ಟಿದ್ದಳು.

"ಒಂಚೂರೂ ಚಂದ ಇಲ್ಲ," ಎಂದಳು. ಸೆರಗು ಸಿಕ್ಕಿಸಿಕೊಳ್ಳುತ್ತಾ, "ಕಿಗ್ಗಕ್ಕೆ ಹೋಗಿ ಬರನಾ?"

ಆಮೇಲೆ ಇಬ್ಬರೂ ಸುತ್ತದ ಊರಿಲ್ಲ. ಉಬ್ಬು ಕಂಡ ತಕ್ಷಣ ಭಾವ, "ಉಸ್ರು ಹಿಡ್ಕ, ಹಗುರ ಆಗ್ತೀಯ" ಎಂದು ಬೈಕನ್ನು ಓರೆಗೆ ತಿರುಗಿಸುತ್ತಿದ್ದರು. ಹುಚ್ಚು ಮಾತೆಂದು ಬೈಯುತ್ತಲೇ ಅಕ್ಕ ಉಸಿರು ಹಿಡಿಯುತ್ತಿದ್ದಳು.

ಕಳೆದ ವರ್ಷ ಜ್ವರವೆಂದು ಮಲಗಿದ ಭಾವ ಮತ್ತೆ ಏಳಲಿಲ್ಲ. ಬೈಕ್ ನನ್ನ ಕೈಗೆ ಬಂತು. ಮೊದಲಿನಂತೆ ಎತ್ತರ ಮಾಡಿಕೊಡಲೇ ಎಂದು ಮೆಕ್ಯಾನಿಕ್ ಕೇಳಿದ. ಬೇಡವೆಂದೆ. ಅಕ್ಕ ಮತ್ತೆ ಹೊಸಿಲು ದಾಟುವುದನ್ನೇ ಬಿಟ್ಟಿದ್ದಳು. ಆದರೂ ಅವಳ ಮನೆಗೆ ಹೋದಾಗಲೆಲ್ಲ ಬೈಕನ್ನು ಜಗಲಿಯ ಪಕ್ಕದಲ್ಲೇ ನಿಲ್ಲಿಸುತ್ತಿದ್ದೆ.

ಮೊನ್ನೆ ಹೊರಡಲು ಬೈಕಿನ ಮೇಲೆ ಕೂತಿದ್ದೆ. ಅವಳಾಗಿಯೇ ಬಂದು ಸೀಟಿಗೆ ಆತು ಕೂತಳು. "ನಡಿ, ಸಿರಿಮನೆಗೆ ಹೋಗಿ ಬರನ."

ದಾರಿಯಲ್ಲಿ ಉಬ್ಬು ಕಂಡಿತು. ಭಾವನಂತೆಯೇ ಬೈಕನ್ನು ಓರೆಗೆ ತಿರುಗಿಸಿದೆ. ಹಿಂದೆ ಅಕ್ಕ ಉಸಿರು ಎಳೆದುಕೊಂಡದ್ದು ಕೇಳಿಸಿತು. ಬೈಕ್ ಕರ್ರ್ ಎಂದು ಕೆರೆಯಿತು.

ಅಕ್ಕ ನನ್ನ ಭುಜ ತಟ್ಟಿದಳು. "ನೀನೂ ಹಿಡ್ಕಬೇಕು ಮಾರಾಯ. ಅವ್ರು ಹಿಡ್ಕಂತಿದ್ರು."