ಹತ್ತು ಗಂಟೆಗೆ ತಿರುಗುವ ಪರೀಕ್ಷೆ

ಹಿಮವನ್ನು ನಾನು ಮೊದಲು ನೋಡಿದ್ದು ಕೋಳಿಯ ಮೈಮೇಲೆ. ತೊಂಬತ್ತರ ದಶಕದ ನಡುವೆ ನಾನು ದೋಹಾದ ಒಂದು ಫ್ರೋಜನ್ ಫುಡ್ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ನನ್ನ ಮೇಜಿನಿಂದ ಇಪ್ಪತ್ತು ಹೆಜ್ಜೆ ನಡೆದರೆ ಕೋಲ್ಡ್ ಸ್ಟೋರಿನ ದಪ್ಪ ಬಾಗಿಲು. ಹೊರಗೆ ನಲವತ್ತು ಡಿಗ್ರಿ ಬಿಸಿಲು, ಒಳಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಅಲ್ಲಿ ಬ್ರೆಜಿಲ್‌ನಿಂದ ಬಂದ ಕೋಳಿಗಳು ಬಿಳಿ ಪುಡಿ ಬಳಿದುಕೊಂಡು ಪೆಟ್ಟಿಗೆಗಳಲ್ಲಿ ಮಲಗಿರುತ್ತಿದ್ದವು. ಇಷ್ಟೇ ಅನುಭವ ಇಟ್ಟುಕೊಂಡು ನಾನು ಹದಿನೈದು ಸಾವಿರ ಅಡಿಯ ಹಿಮದ ಬೆಟ್ಟ ಹತ್ತಲು ಹೊರಟಿದ್ದೆ.

ತಪ್ಪೆಲ್ಲ ಒಂದು ಪುಸ್ತಕದ್ದು. ತನ್ನ ದೇಶಕ್ಕೆ ಮರಳುತ್ತಿದ್ದ ಇಂಗ್ಲಿಷ್ ಎಂಜಿನಿಯರ್ ಒಬ್ಬ ಮನೆ ಸಾಮಾನು ಮಾರುತ್ತಿದ್ದಾನೆ ಎಂದು ಗೊತ್ತಾಗಿ ಇಸ್ತ್ರಿ ಪೆಟ್ಟಿಗೆ ಕೊಳ್ಳಲು ಹೋದೆ. ಬರುವಾಗ ಕೈಯಲ್ಲಿದ್ದದ್ದು ಪರ್ವತಾರೋಹಣದ ಒಂದು ದಪ್ಪ ಪುಸ್ತಕ. ಆಮೇಲೆ ಮೂರು ತಿಂಗಳು ಮುದುರಿದ ಅಂಗಿಯಲ್ಲೇ ಆಫೀಸಿಗೆ ಹೋದೆ. ದೋಹಾ ಅಲ್ ಜದೀದಾ ಬಡಾವಣೆಯ ಬ್ಯಾಚುಲರ್ ರೂಮಿನಲ್ಲಿ ಎರಡಂತಸ್ತಿನ ಮಂಚದ ಮೇಲಿನದು ನನ್ನದು. ಅಲ್ಲಿ ಫ್ಯಾನಿನ ರೆಕ್ಕೆಗೆ ತಲೆ ತಗಲದ ಹಾಗೆ ಮಲಗಿ, ವಸಂತದ ಹಿಮ ಎಂಬ ಅಧ್ಯಾಯವನ್ನು ಡಿಕ್ಷನರಿ ಇಟ್ಟುಕೊಂಡು ಬಾಯಿಪಾಠ ಮಾಡಿದೆ.

ಅದರಲ್ಲಿದ್ದದ್ದು ಇಷ್ಟು. ವಸಂತದಲ್ಲಿ ಹಗಲು ಹಿಮದ ಮೇಲ್ಪದರ ಬಿಸಿಲಿಗೆ ಕರಗುತ್ತದೆ. ರಾತ್ರಿ ಆಕಾಶ ಶುಭ್ರವಾಗಿದ್ದರೆ ಮತ್ತೆ ಹೆಪ್ಪುಗಟ್ಟುತ್ತದೆ. ಬೆಳಗಿನ ಜಾವ ಅದು ಸಿಮೆಂಟು ನೆಲದ ಹಾಗೆ ಗಟ್ಟಿ. ಬೂಟಿಗೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು ಮೇಲೆಯೇ ನಡೆದುಬಿಡಬಹುದು. ಹೊತ್ತು ಏರಿದಂತೆ ಅದೇ ಹಿಮ ಕಾಲನ್ನು ಮೊಣಕಾಲಿನವರೆಗೆ, ಆಮೇಲೆ ತೊಡೆಯವರೆಗೆ ನುಂಗುತ್ತದೆ. ತೊರೆಯ ಮೇಲೆ ಸೇತುವೆಯ ಹಾಗೆ ನಿಂತಿದ್ದ ಹಿಮ ಕುಸಿಯುತ್ತದೆ. ಇಳಿಜಾರಿನಲ್ಲಿ ಇರುವುದು ಹೇಳದೆ ಕೇಳದೆ ಜಾರಿ ಬರುತ್ತದೆ. ಆದ್ದರಿಂದ ಕತ್ತಲಿರುವಾಗಲೇ ಹೊರಟು, ಬಿಸಿಲು ಬಲಿಯುವ ಮೊದಲು ಇಳಿದಿರಬೇಕು. ರಾತ್ರಿ ಮೋಡ ಕವಿದಿದ್ದರೆ ಹೊರಡಲೇಬಾರದು.

ಇದನ್ನೆಲ್ಲ ನಾನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ನಿಜವಾಗಿ ಕಿವಿಗೊಟ್ಟವರು ಒಬ್ಬರೇ, ನಮ್ಮ ಭಾವ. ಅಕ್ಕ ಭಾವ ಇಬ್ಬರೂ ಅಲ್ ರಯ್ಯಾನ್‌ನಲ್ಲಿ ಇದ್ದರು. ಭಾವ ಒಂದು ಆಫೀಸಿನಲ್ಲಿ ಡ್ರಾಯಿಂಗ್ ನೋಡುವ ಎಂಜಿನಿಯರ್, ಅಕ್ಕ ಶಾಲೆಯಲ್ಲಿ ಲೆಕ್ಕದ ಟೀಚರ್. ಪ್ರತಿ ಶುಕ್ರವಾರ ಅವರ ಮನೆಯಲ್ಲಿ ನನಗೆ ದೋಸೆ. ಒಂದು ಶುಕ್ರವಾರ ಮೂರನೆಯ ದೋಸೆಯ ಹೊತ್ತಿಗೆ ಭಾವ, "ನಾನೂ ಬರ್ತೀನಿ ಕಣೋ," ಎಂದರು. ಮುಂದಿನ ಶುಕ್ರವಾರ ನೋಡಿದರೆ ಸೂಕ್‌ನ ಅಂಗಡಿಯಿಂದ ಕಪ್ಪು ಕನ್ನಡಕ ತಂದು, ಊಟದ ಮೇಜಿನಲ್ಲೇ ಹಾಕಿಕೊಂಡು ಕೂತಿದ್ದರು. ಹಿಮದ ಮೇಲಿನ ಬಿಸಿಲಿಗೆ ಕಣ್ಣು ಹೋಗುತ್ತದೆ ಎಂದು ನಾನೇ ಹೇಳಿದ್ದೆ. ಅಕ್ಕ ಅವರ ತಟ್ಟೆಗೆ ಚಟ್ನಿ ಬಡಿಸುತ್ತ, "ಕಾಣ್ತಾ ಇದೆಯಾ?" ಎಂದು ಕೇಳಿದಳು.

ಅಷ್ಟರಲ್ಲಿ ಹಿಮಾಚಲದ ಗೈಡ್ ಒಬ್ಬರಿಗೆ ನಾನು ಬರೆದಿದ್ದ ಪತ್ರಕ್ಕೆ ಉತ್ತರ ಬಂತು. ಹಗ್ಗ, ಹಿಮದ ಕೊಡಲಿ, ಬೂಟಿನ ಮುಳ್ಳು ಎಲ್ಲ ಅವರೇ ತರುತ್ತಾರಂತೆ. ಮೇ ತಿಂಗಳಿನಲ್ಲಿ ಬರಬಹುದಂತೆ. ನಾನು ಓದಿ ಕುಣಿದೆ. ಅಕ್ಕ ಕನ್ನಡಕ ಏರಿಸಿಕೊಂಡು, ಉತ್ತರ ಪತ್ರಿಕೆ ತಿದ್ದುವ ಹಾಗೆ ಸಾಲುಸಾಲಾಗಿ ಓದಿ, ಕೊನೆಯ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಳು.

"ಇದನ್ನ ಓದಿದ್ಯಾ? ಎಲ್ಲಿದ್ದರೂ ಸರಿ, ಹತ್ತು ಗಂಟೆಗೆ ಹಿಂದಕ್ಕೆ ತಿರುಗಬೇಕು. ಒಪ್ಪಿಗೆ ಇದ್ದರೆ ಮಾತ್ರ ಬನ್ನಿ ಅಂತ ಬರೆದಿದಾರೆ."

"ಓದಿದೆ. ಒಪ್ಪಿಗೆ ಇದೆ."

"ನಿಮ್ಮ ಭಾವ ಎಲ್ಲಿಂದಾದ್ರೂ ತಿರುಗಿದ್ದನ್ನ ನೋಡಿದೀಯಾ ನೀನು?"

ಭಾವ ಕಪ್ಪು ಕನ್ನಡಕ ತೆಗೆದರು.

ಭಾವನ ಕಾರಿನಲ್ಲಿ ಕೂತವರಿಗೆಲ್ಲ ಇದು ಗೊತ್ತಿತ್ತು. ಒಮ್ಮೆ ಅಲ್ ವಕ್ರಾದಲ್ಲಿ ಒಂದು ಮಗುವಿನ ನಾಮಕರಣಕ್ಕೆಂದು ಹೊರಟೆವು. ತಿರುವು ತಪ್ಪಿತು. ಅಕ್ಕ ಹೇಳಿದಳು, ನಾನು ಹೇಳಿದೆ, ಬಲಗಡೆಯ ಬೋರ್ಡೂ ಹೇಳಿತು. ಭಾವ, "ಮುಂದೆ ಇನ್ನೊಂದು ದಾರಿ ಇರುತ್ತೆ," ಎಂದು ಓಡಿಸುತ್ತಲೇ ಹೋದರು. ಕೊನೆಗೆ ಉಮ್ ಸೈದ್‌ನ ಕಾರ್ಖಾನೆಗಳ ಬೆಂಕಿಯ ಕೊಳವೆಗಳು ಎದುರಿಗೆ ನಿಂತು, ರಸ್ತೆಯೇ ಮುಗಿದ ಮೇಲೆ ಕಾರು ನಿಂತಿತು. ನಾವು ತಲುಪುವ ಹೊತ್ತಿಗೆ ಮಗುವಿಗೆ ಹೆಸರಿಟ್ಟು, ಪಾಯಸ ಮುಗಿದು, ಪಾತ್ರೆಯೂ ತೊಳೆದಾಗಿತ್ತು.

"ರಸ್ತೆಯಾದ್ರೆ ಮುಗಿಯುತ್ತೆ. ಬೆಟ್ಟ ಮುಗಿಯಲ್ಲ," ಎಂದಳು ಅಕ್ಕ. "ಸಾಕ್ಷಿ ಸಮೇತ ಒಂದೇ ಒಂದು ಸಲ, ಅರ್ಧ ದಾರಿಯಿಂದ, ಹತ್ತು ಗಂಟೆಗೆ ಇವರು ತಿರುಗಿ ಬರಲಿ. ಆಮೇಲೆ ಕಳಿಸ್ತೀನಿ. ಇಲ್ಲದಿದ್ರೆ ಇಬ್ರೂ ಮನೇಲಿ ಕೂತ್ಕೊಳ್ಳಿ."

ಮರುದಿನ ನಾನು ಮುಖ ಸಪ್ಪೆ ಮಾಡಿಕೊಂಡು ಕೋಲ್ಡ್ ಸ್ಟೋರಿನೊಳಗೆ ಹೋದೆ. ಚಳಿಯಲ್ಲಿ ಹತ್ತು ನಿಮಿಷ ನಿಲ್ಲುವುದು ನನ್ನ ದಿನದ ತರಬೇತಿ. ಅಲ್ಲಿನ ಇನ್‌ಚಾರ್ಜ್ ಉಳ್ಳಾಲದ ಕಡೆಯ ಹಿರಿಯ ಬ್ಯಾರಿ. ಆಫೀಸಿಗೆಲ್ಲ ಅವರು ಕಾಕ. ಇಪ್ಪತ್ತು ವರ್ಷದಿಂದ ಕತಾರಿನಲ್ಲಿದ್ದರು.

"ಎಂತ ಮಾರಾಯ, ಕೋಳಿಗಳಿಗೆ ಕಾವಲು ನಿಂತದ್ದಾ?" ಎಂದರು.

ನಾನು ಎಲ್ಲ ಹೇಳಿದೆ. ಪುಸ್ತಕದ ಅಧ್ಯಾಯವನ್ನೂ ಒಪ್ಪಿಸಿದೆ. ಕಾಕ ಕೈಗವಸು ತೆಗೆದು, ಗೋಡೆಯ ಪೈಪಿಗೆ ಅಂಟಿದ್ದ ಮಂಜನ್ನು ಉಗುರಿನಿಂದ ಕೆರೆದು ನೋಡಿದರು.

"ಪುಸ್ತಕ ನಾನು ಓದಿಲ್ಲ. ಸಣ್ಣದಿರುವಾಗ ಮಂಗಳೂರಿನ ದಕ್ಕೆಯಲ್ಲಿ, ದೋಣಿ ಬಂದು ನಿಲ್ಲುವಲ್ಲಿ, ಮೀನಿಗೆ ಐಸ್ ಹಾಕ್ತಿದ್ದೆ. ಬೆಳಿಗ್ಗೆ ಹಾಕಿದ ಐಸ್ ಒಂದಕ್ಕೊಂದು ಕಚ್ಚಿಕೊಂಡು ಕೂತ್ಕೊಳ್ತದೆ. ಮಧ್ಯಾಹ್ನ ಮೇಲಿಂದ ನೋಡಿದ್ರೆ ಹಾಗೇ ಉಂಟು, ಏನೂ ಆಗ್ಲಿಲ್ಲ ಅಂತ ಕಾಣ್ತದೆ. ಅಡಿಯಲ್ಲಿ ನೀರು ಇಳಿದು ಹೋಗಿರ್ತದೆ. ಬಾಕ್ಸ್ ಸ್ವಲ್ಪ ವಾಲಿಸಿದ್ರೆ ಸಾಕು, ಇಡೀ ಪದರ ಒಟ್ಟಿಗೆ ಬರ್ತದೆ, ಮೀನು ಸಮೇತ."

"ಹಾಗಾದ್ರೆ ಬೆಟ್ಟದಲ್ಲಿ ನಾವು?"

"ನೀವು ಮೀನು."

ಮೂರು ತಿಂಗಳು ಡಿಕ್ಷನರಿ ತಿರುವಿದರೂ ಅರ್ಥವಾಗದೆ ಉಳಿದಿದ್ದ ಒಂದು ಪುಟ ಹೀಗೆ ಅರ್ಥವಾಯಿತು. ನಾನು ಅಲ್ಲೇ ಕಾಕನನ್ನು ಪರೀಕ್ಷೆಗೆ ಅಂಪೈರ್ ಆಗಲು ಕೇಳಿಕೊಂಡೆ. ಮರಳಿನಲ್ಲಿ ಓಡಿಸಲು ಬರುವ ಪಿಕಪ್ ಇದ್ದದ್ದೂ ಅವರ ಹತ್ತಿರವೇ.

ಏಪ್ರಿಲ್ ಮೊದಲ ಶುಕ್ರವಾರ ಉಮ್ ಸೈದ್ ದಾಟಿ, ಮರಳ ದಿಬ್ಬಗಳು ಶುರುವಾಗುವಲ್ಲಿ ಪಿಕಪ್ ನಿಲ್ಲಿಸಿದೆವು. ನನ್ನ ಯೋಜನೆ ಹೀಗಿತ್ತು. ಆರಕ್ಕೆ ಹೊರಡುವುದು, ದಿಬ್ಬದಿಂದ ದಿಬ್ಬಕ್ಕೆ ನಡೆದು, ಕಡಲು ಕಾಣುವ ದೊಡ್ಡ ದಿಬ್ಬದ ಕಡೆಗೆ ಹೋಗುವುದು, ಹತ್ತಕ್ಕೆ ತಿರುಗುವುದು. ಅಕ್ಕ ಪಿಕಪ್‌ನ ನೆರಳಿನಲ್ಲಿ ಚಾಪೆ ಹಾಸಿ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದಳು.

"ಟೀಚರ್, ಗಡಿಯಾರ ನನ್ನದು. ನೀವು ತಲೆಬಿಸಿ ಮಾಡ್ಬೇಡಿ," ಎಂದರು ಕಾಕ.

ಹೊರಡುವ ಮೊದಲು ಹತ್ತಿರದ ದಿಬ್ಬದಲ್ಲಿ ಜಾರುವ ಅಭ್ಯಾಸ. ಹಿಮದಲ್ಲಿ ಜಾರಿದರೆ ತಕ್ಷಣ ಹೊಟ್ಟೆಯ ಮೇಲೆ ಹೊರಳಿ, ಕೊಡಲಿಯ ಮೂತಿಯನ್ನು ಹಿಮಕ್ಕೆ ಒತ್ತಿ, ಅದರ ಮೇಲೆ ಮೈಭಾರ ಹಾಕಬೇಕು. ದೋಹಾದಲ್ಲಿ ಹಿಮದ ಕೊಡಲಿ ಎಲ್ಲಿ ಸಿಗುತ್ತದೆ? ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸಣ್ಣ ಪಿಕಾಸಿ ತಂದಿದ್ದೆ. ಭಾವ ಪಿಕಾಸಿ ಎದೆಗೆ ಅವಚಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ದಿಬ್ಬದಿಂದ ಜಾರಿದರು, ಹೊರಳಿದರು, ಬಾಯಿ ತುಂಬ ಮರಳು ತುಂಬಿಕೊಂಡು ನಿಂತರು. ನಾಲ್ಕನೆಯ ಸಲ ಜಾರುವಾಗ ಒಂದು ಲ್ಯಾಂಡ್ ಕ್ರೂಸರ್ ಬಂದು ನಿಂತಿತು. ಒಳಗಿದ್ದ ಕತಾರಿ ಹಿರಿಯರೊಬ್ಬರು ಕಿಟಕಿ ಇಳಿಸಿ, ಇವರು ಏನನ್ನು ಹೂಳುತ್ತಿದ್ದಾರೆ ಎಂದು ಕಾಕನನ್ನು ಅರಬ್ಬಿಯಲ್ಲಿ ಕೇಳಿದರು. ಏನೂ ಹೂಳುತ್ತಿಲ್ಲ, ಹಿಮದಲ್ಲಿ ನಡೆಯುವುದನ್ನು ಕಲಿಯುತ್ತಿದ್ದಾರೆ ಎಂದರು ಕಾಕ. ಆ ಹಿರಿಯರು ಮರಳನ್ನು ನೋಡಿದರು, ಭಾವನನ್ನು ನೋಡಿದರು, ಮೂರು ಬಾಟಲಿ ತಣ್ಣೀರು ಕೊಟ್ಟು ಹೋದರು.

ನಡಿಗೆ ಶುರುವಾಯಿತು. ರಾತ್ರಿಯ ಇಬ್ಬನಿಗೆ ಮರಳಿನ ಮೇಲ್ಮೈ ಬಿಗಿದಿತ್ತು, ಕಾಲು ಹೂತುಕೊಳ್ಳುತ್ತಿರಲಿಲ್ಲ. "ನೋಡಿ ಭಾವ, ಥೇಟ್ ವಸಂತದ ಹಿಮ," ಎಂದು ನಾನು ದಾರಿಯುದ್ದಕ್ಕೂ ಪಾಠ ಮಾಡಿದೆ. ಕಾಕ ಲುಂಗಿ ಎತ್ತಿ ಕಟ್ಟಿ, ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಿನಲ್ಲಿ ನಮ್ಮಿಬ್ಬರಿಗಿಂತ ಹಗುರವಾಗಿ ಬರುತ್ತಿದ್ದರು. ಎಂಟೂವರೆಯ ಹೊತ್ತಿಗೆ ಇಬ್ಬನಿ ಆರಿತು. ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ. ಭಾವ ಮಾತು ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. ದೊಡ್ಡ ದಿಬ್ಬದ ನೆತ್ತಿ ಇನ್ನೇನು ಕೈಗೆ ಸಿಗುವಷ್ಟು ಹತ್ತಿರ ಇರುವಾಗ ಕಾಕ ಗಡಿಯಾರ ಎತ್ತಿ ತೋರಿಸಿದರು.

"ಹತ್ತಾಯ್ತು. ಖಲಾಸ್."

ನಾನು ಭಾವನ ಕಡೆ ನೋಡಿದೆ. ಏನಾದರೂ ನೆಪ ಹೇಳಿ ಮುಂದೆ ನುಗ್ಗುತ್ತಾರೆ, ತಡೆಯಬೇಕು ಎಂದು ಸಿದ್ಧನಾಗಿದ್ದೆ. ಅವರು ನಿಂತ ಕಾಲಲ್ಲೇ ತಿರುಗಿದರು. ಎಷ್ಟು ಸಲೀಸಾಗಿ ಎಂದರೆ, ನನಗೇ ನಂಬಲಾಗಲಿಲ್ಲ.

"ಭಾವ, ಇನ್ನು ನಲವತ್ತು ಹೆಜ್ಜೆ ಅಷ್ಟೆ," ಎಂದೆ.

"ಎಣಿಸಿದ್ಯಾ?"

"ಅಂದಾಜು."

"ಗಂಟೆ ಅಂದಾಜಲ್ಲವಲ್ಲ. ನಡಿ."

"ಐದು ನಿಮಿಷ. ನೋಡಿ ಓಡಿ ಬಂದುಬಿಡ್ತೀನಿ," ಎಂದು ಹತ್ತಿಯೇಬಿಟ್ಟೆ.

ನಲವತ್ತು ಹೆಜ್ಜೆ ನೂರಾಯಿತು, ನೂರೈವತ್ತಾಯಿತು. ಕೊನೆಗೆ ನಾಲ್ಕು ಕಾಲಿನಲ್ಲಿ ತೆವಳಿ ನೆತ್ತಿ ಮುಟ್ಟಿ, ತಲೆ ಎತ್ತಿ ನೋಡಿದರೆ, ಕಡಲಿಲ್ಲ. ಇದಕ್ಕಿಂತ ಎತ್ತರದ ಇನ್ನೊಂದು ದಿಬ್ಬ. ನಿಜ ಹೇಳಿಬಿಡುತ್ತೇನೆ, ಆಗಲೂ ನಾನು ಆ ದಿಬ್ಬದ ಕಡೆಗೆ ಒಂದಷ್ಟು ಹೆಜ್ಜೆ ಇಳಿದೆ. ಕೆಳಗಿನಿಂದ ಕಾಕ ಕೂಗಿದ್ದು ಕೇಳಿಸಿತು. ಕೇಳಿಸದವನ ಹಾಗೆ ಮತ್ತೂ ಸ್ವಲ್ಪ ಇಳಿದೆ. ಬಾಯಿ ಒಣಗಿ, ಬಾಟಲಿ ಎತ್ತಿ, ಅದರಲ್ಲಿ ಏನೂ ಇಲ್ಲ ಎಂದು ಗೊತ್ತಾದ ಮೇಲಷ್ಟೇ ತಿರುಗಿದೆ.

ನನ್ನನ್ನು ಕಾಯುತ್ತ ಅವರಿಬ್ಬರು ಬೆಂದಿದ್ದರು. ತಮ್ಮ ನೀರಿನಲ್ಲಿ ನನಗೂ ಪಾಲು ಕೊಟ್ಟರು. ಹೋಗುವಾಗ ನಾಲ್ಕು ಗಂಟೆ ಬೇಕಾಗಿದ್ದ ದಾರಿ, ಬಿಸಿ ಮರಳಿನಲ್ಲಿ ಇಳಿಮುಖವಾಗಿದ್ದರೂ ಅದಕ್ಕಿಂತ ಹೆಚ್ಚೇ ತಿಂದಿತು. ಕಡೆಯ ದಿಬ್ಬ ಇಳಿಯುವಾಗ ದೂರದಲ್ಲಿ ಪಿಕಪ್ ಕಾಣಿಸಿತು. ಅದರ ಹಿಂದಿನ ತೊಟ್ಟಿಯಲ್ಲಿ ಅಕ್ಕ ಹತ್ತಿ ನಿಂತಿದ್ದಳು. ಸೆರಗನ್ನು ತಲೆಗೆ ಹೊದ್ದು, ಹಣೆಗೆ ಕೈ ಅಡ್ಡ ಹಿಡಿದಿದ್ದಳು. ಉತ್ತರ ಪತ್ರಿಕೆಗಳು ಕೆಳಗೆ ಮರಳಿನ ಮೇಲೆ ಹಾರಾಡುತ್ತಿದ್ದವು. ಅವಳು ಅವುಗಳನ್ನು ನೋಡುತ್ತಿರಲಿಲ್ಲ. ಒಬ್ಬರು, ಇಬ್ಬರು, ಮೂವರು ಎಂದು ತುಟಿ ಅಲ್ಲಾಡಿಸಿ ನಮ್ಮನ್ನು ಎಣಿಸುತ್ತಿದ್ದಳು.

ಮೊದಲು ಮೂವರಿಗೂ ನೀರು ಕೊಟ್ಟಳು. ಆಮೇಲೆ ಕಾಕನ ಕಡೆ ತಿರುಗಿದಳು.

"ಟೀಚರ್, ದೊಡ್ಡವರು ಪಾಸ್," ಎಂದರು ಕಾಕ. "ಹತ್ತಕ್ಕೆ ಹತ್ತು."

"ಚಿಕ್ಕವನು?"

"ಮೀನು."

ಅಕ್ಕನಿಗೆ ಅರ್ಥವಾಗಲಿಲ್ಲ. ವಿವರಿಸುವ ಕೆಲಸ ನನಗೇ ಬಿತ್ತು. ಐಸಿನ ಪದರದಿಂದ ಶುರು ಮಾಡಿ, ಎರಡನೆಯ ದಿಬ್ಬದ ಕಡೆ ಇಳಿದದ್ದನ್ನೂ ಹೇಳಿ ಮುಗಿಸಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು, ಭಾವ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಾಗ ಅಕ್ಕ ಕೇಳಿದಳು. "ಈ ಹದಿನೈದು ವರ್ಷದಲ್ಲಿ ಎಲ್ಲೂ ತಿರುಗದವರು ಇವತ್ತು ಹೇಗೆ ತಿರುಗಿದ್ರಿ?"

"ನನಗೆ ಎಂಟೂವರೆಗೇ ಸಾಕಾಗಿತ್ತು ಕಣೇ," ಎಂದರು ಭಾವ. "ಒಂದೂವರೆ ಗಂಟೆ, ಹತ್ತು ಯಾವಾಗ ಹೊಡೆಯುತ್ತೆ ಅಂತ ಕಾಯ್ತಾ ಇದ್ದೆ. ಕಾರಲ್ಲಾದ್ರೆ ಕೂತಿರ್ತೀನಿ, ಕಾಲು ನೋಯಲ್ಲ."

ಅಕ್ಕ ನಕ್ಕಳು. ಮಧ್ಯಾಹ್ನದಿಂದ ಅದೇ ಮೊದಲು. ಆಮೇಲೆ ತೀರ್ಪು ಹೇಳಿದಳು. ಭಾವ ಹೋಗಬಹುದು. ನಾನು ಹೋಗಬೇಕಾದರೆ ಭಾವನ ಕೆಳಗೆ. ಗಡಿಯಾರ, ಹಗ್ಗ, ನಿಲ್ಲುವ ಮಾತು ಎಲ್ಲ ಅವರದು.

"ಪುಸ್ತಕ ಓದಿರೋದು ನಾನು, ಅಕ್ಕ."

"ಯಾರು ಇಲ್ಲ ಅಂದ್ರು? ರಾತ್ರಿ ಟೆಂಟಲ್ಲಿ ಅವರಿಗೆ ಓದಿ ಹೇಳು."

ಒಂದು ವಾರ ನಾನು ಅವರ ಮನೆಗೆ ಹೋಗಲಿಲ್ಲ. ದೋಸೆ ಬಿಟ್ಟದ್ದು ಅದೊಂದೇ ಶುಕ್ರವಾರ. ಆಮೇಲೆ ಗೈಡಿಗೆ ಪತ್ರ ಟೈಪ್ ಮಾಡಿದೆ. ನಿಮ್ಮ ಷರತ್ತಿಗೆ ಒಪ್ಪಿಗೆ ಇದೆ, ತಂಡದ ನಾಯಕರು ನನ್ನ ಭಾವ, ಇನ್ನೊಬ್ಬ ಸದಸ್ಯನಿಗೆ ತಿರುಗುವುದು ಇನ್ನೂ ಅಭ್ಯಾಸವಾಗಿಲ್ಲ, ದಯವಿಟ್ಟು ಕಣ್ಣಿಟ್ಟಿರಿ. ಆ ಇನ್ನೊಬ್ಬ ಸದಸ್ಯ ನಾನೇ ಎಂದು ಬರೆಯಲಿಲ್ಲ. ಒಟ್ಟು ಇಬ್ಬರೇ ಇದ್ದುದರಿಂದ ಅವರಿಗೆ ತಿಳಿದಿರಬೇಕು.

ಮೇ ತಿಂಗಳಿನಲ್ಲಿ ಹೋದೆವು. ಮೊದಲ ರಾತ್ರಿ ಮೋಡ. ಗೈಡ್ ಟೆಂಟಿನ ಹೊರಗೆ ಹಿಮಕ್ಕೆ ಕೋಲು ಚುಚ್ಚಿದರೆ ಇಡ್ಲಿ ಹಿಟ್ಟಿಗೆ ಸೌಟು ಇಳಿದ ಹಾಗೆ ಇಳಿಯಿತು. ಹೊರಡಲಿಲ್ಲ. ಎರಡನೆಯ ರಾತ್ರಿ ಆಕಾಶ ತುಂಬ ನಕ್ಷತ್ರ. ಮೂರು ಗಂಟೆಗೆ ಹೊರಟೆವು. ಕಾಲ ಕೆಳಗೆ ಹಿಮ ಹಪ್ಪಳ ಮುರಿದಂತೆ ಸದ್ದು ಮಾಡುತ್ತಿತ್ತು. ಆ ಸದ್ದಿನ ಬಗ್ಗೆ ಪುಸ್ತಕದಲ್ಲಿ ಒಂದು ಮಾತೂ ಇರಲಿಲ್ಲ.

ಎರಡು ದಿನ ಬಿಟ್ಟು, ಬೆಟ್ಟದ ಕೆಳಗಿನ ಊರಿನ ಫೋನ್ ಬೂತಿನಿಂದ ದೋಹಾಗೆ ಫೋನ್ ಮಾಡಿದೆ. ಅಕ್ಕ ಒಂದೇ ರಿಂಗಿಗೆ ಎತ್ತಿದಳು.

"ಇಬ್ರೂ ಇದೀರಾ?"

"ಇದೀವಿ."

"ತುದಿಗೆ ಹೋದ್ರಾ?"

"ಇಲ್ಲ. ಹತ್ತಾಯ್ತು."

"ತುದಿ ಕಾಣ್ತಿತ್ತಾ?"

"ಚೆನ್ನಾಗಿ ಕಾಣ್ತಿತ್ತು."

"ತಿರುಗು ಅಂದಿದ್ದು ಯಾರು?"

ಬೂತಿನ ಗಾಜಿನಾಚೆ ಭಾವ ಟೀ ಅಂಗಡಿಯವನಿಗೆ, ಇಳಿಯುವಾಗ ತಾನು ಎಲ್ಲಿಯವರೆಗೆ ಹಿಮದಲ್ಲಿ ಹೂತುಹೋದೆ ಎಂದು ಸೊಂಟ ಮುಟ್ಟಿ ತೋರಿಸುತ್ತಿದ್ದರು. ನಿಜಕ್ಕೆ ಅದು ಮೊಣಕಾಲು.

"ಭಾವ," ಎಂದೆ.

"ಎಷ್ಟು ಸಲ ಹೇಳಬೇಕಾಯ್ತು ನಿನಗೆ?"

"ಎರಡು."

ಲೈನ್ ಹೋಯಿತೇನೋ ಎಂದು ನಾನು ಹಲೋ ಹಲೋ ಎಂದೆ.

"ಇದೀನಿ," ಎಂದಳು ಅಕ್ಕ. "ಎರಡಾದ್ರೆ ಪರವಾಗಿಲ್ಲ. ಅವರಿಗೆ ಫೋನ್ ಕೊಡು."